ಗುಳಿಗೆಯಮ್ಮನ ವಾಸನೆ

ಗುಳಿಗೆಯಮ್ಮನ ಬಲಗೈ ಎಡಗೈಗಿಂತ ಒಂದೂವರೆ ಪಟ್ಟು ದಪ್ಪ. ಇಪ್ಪತ್ತಾರು ವರ್ಷ ಒಂದೇ ಪ್ರೆಸ್ಸಿನ ಹಿಡಿ ಎಳೆದ ಕೈ ಅದು. ಎಡಗೈಯಲ್ಲಿ ಬೆರಳು ಮೂರೇ. ಉಳಿದೆರಡನ್ನು ಅದೇ ಪ್ರೆಸ್ಸು ಮೊದಲನೇ ವರ್ಷವೇ ತಿಂದುಹಾಕಿತ್ತು. ಆ ದಿನ ಅವಳು ಮಾಡಿದ್ದೇನು ಗೊತ್ತೆ? ರಕ್ತ ಸೋರುವ ಕೈಗೆ ಬಟ್ಟೆ ಸುತ್ತಿಕೊಂಡು, ಪ್ರೆಸ್ಸಿಗೆ ನಾಲ್ಕು ಒದೆ ಕೊಟ್ಟು, ಆಮೇಲೆ ಆಸ್ಪತ್ರೆಗೆ ಹೋದಳು. ಹೊಡೆದವರನ್ನು ಸುಮ್ಮನೆ ಬಿಟ್ಟ ಹೆಂಗಸಲ್ಲ ಅದು, ಹೊಡೆದದ್ದು ಕಬ್ಬಿಣವಾದರೂ ಸರಿ.

ಅವಳು ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ನುಸಿಗುಳಿಗೆ. ಹರಳುಹರಳಾದ ಬಿಳಿ ಪುಡಿ ಚೀಲಗಳಲ್ಲಿ ಬಂದು ಬೀಳುತ್ತಿತ್ತು. ಚೀಲದ ಮೇಲೆ ಪ್ಯಾರಾಡೈಕ್ಲೋರೋಬೆಂಜೀನ್ ಎಂದು ಬರೆದಿರುತ್ತಿತ್ತು. ಅದನ್ನು ಒಂದೇ ಉಸಿರಿಗೆ ಓದಬಲ್ಲವನು ಶೆಡ್ಡಿನ ಮೇಸ್ತ್ರಿ ಒಬ್ಬನೇ. ಉಳಿದವರಿಗೆಲ್ಲ ಅದು ಬರೀ 'ಪ್ಯಾರಾ'. ಅಚ್ಚಿಗೆ ಪ್ಯಾರಾ ತುಂಬಬೇಕು, ಹಿಡಿಯನ್ನು ಹೊಟ್ಟೆಯ ತನಕ ಎಳೆಯಬೇಕು, ಬಿಟ್ಟರೆ ಕೆಳಗೆ ಟಪ್ಪೆಂದು ಗುಳಿಗೆ. ಬಿಳಿಯದ್ದು ಉಣ್ಣೆ ಬಟ್ಟೆಯ ಪೆಟ್ಟಿಗೆಗೆ. ಗುಲಾಬಿ ಮತ್ತು ನೀಲಿ ಬಣ್ಣದ ದಪ್ಪ ಬಿಲ್ಲೆಗಳು ಸಿನಿಮಾ ಮಂದಿರ, ಬಸ್ ನಿಲ್ದಾಣ, ಕೋರ್ಟು, ಎಲ್ಲ ಕಡೆಯ ಮೂತ್ರಾಲಯಗಳಿಗೆ. ಜೇನು ಸಾಕುವವರು ಖಾಲಿ ಎರಿಗಳಿಗೆ ಪತಂಗ ಬೀಳದಿರಲೆಂದು ಬರೀ ಹರಳನ್ನೇ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದರು. ಈ ಪದಾರ್ಥದ ಗುಣವೇ ವಿಚಿತ್ರ. ಕರಗಿ ನೀರಾಗುವುದಿಲ್ಲ, ಕಲೆ ಬಿಡುವುದಿಲ್ಲ. ಇದ್ದಲ್ಲೇ ಸವೆದು ಸವೆದು ಗಾಳಿಯಾಗಿ ಹೋಗುತ್ತದೆ. ಹಾಗೆ ಹೋಗುವಾಗ ಮುಚ್ಚಿದ ಪೆಟ್ಟಿಗೆಯೊಳಗಿನ ಹುಳುವಿನ ಉಸಿರು ತೆಗೆಯುತ್ತದೆ.

ಹೊಸದಾಗಿ ಸೇರಿದವರು ಮೊದಲ ವಾರ ವಾಂತಿ ಮಾಡುತ್ತಿದ್ದರು, ತಲೆ ಹಿಡಿದುಕೊಂಡು ಕೂರುತ್ತಿದ್ದರು. ಎರಡನೇ ವಾರಕ್ಕೆ ವಾಸನೆ ತಿಳಿಯುತ್ತಲೇ ಇರಲಿಲ್ಲ. ಮೂಗು ಸತ್ತುಹೋಗುತ್ತದೆ ಎನ್ನುತ್ತಿದ್ದರು ಶೆಡ್ಡಿನವರು. ಗುಳಿಗೆಯಮ್ಮನ ಮೂಗು ಸತ್ತು ಇಪ್ಪತ್ತಾರು ವರ್ಷ. ಬಸ್ಸಿನಲ್ಲಿ ಅವಳು ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ತನ್ನ ಮುಖದ ಗಂಟು ಕಂಡು ಹೆದರಿ ಹೋದರೆಂದು ಅವಳು ತಿಳಿಯುತ್ತಿದ್ದಳು. ಆರಾಮಾಗಿ ಕಾಲು ಚಾಚಿ ಕೂರುತ್ತಿದ್ದಳು.

ಹೆದರಿಸುವ ಮುಖವೇ ಸೈ. ಅವಳ ಗಂಡ ಲಾರಿಗೆ ಸರಕು ತುಂಬುವವನು, ಬೆಲ್ಟು ಬಿಚ್ಚಿ ಹೊಡೆಯುವುದು ಅವನ ಅಭ್ಯಾಸ. ಅವನೊಬ್ಬನ ಏಟನ್ನು ಏಳು ವರ್ಷ ಹಲ್ಲು ಕಚ್ಚಿ ತಿಂದಳು. ಎಂಟನೇ ವರ್ಷ, ಮಗಳಿಗೆ ಐದಿದ್ದಾಗ, ಆ ಬೆಲ್ಟು ಮಗುವಿನ ಬೆನ್ನಿಗೆ ತಾಗಿತು. ಗುಳಿಗೆಯಮ್ಮ ಒಲೆಯ ಪಕ್ಕದ ಕಬ್ಬಿಣದ ಸಲಾಕೆ ತೆಗೆದುಕೊಂಡು ಪ್ರೆಸ್ಸಿನ ಹಿಡಿ ಎಳೆಯುವಂತೆಯೇ ಮೇಲಿನಿಂದ ಕೆಳಕ್ಕೆ ಒಂದೇ ಏಟು ಎಳೆದಳು. ಗಂಡನ ಹೆಗಲ ಮೂಳೆ ಎರಡಾಯಿತು. ಆಮೇಲೆ ಅವನು ಸಾಯುವವರೆಗೂ ಕೈ ಎತ್ತಲಿಲ್ಲ. ಮೂಳೆ ಸರಿಯಾಗಿ ಕೂಡದ್ದರಿಂದ ಎತ್ತಲು ಆಗುತ್ತಲೂ ಇರಲಿಲ್ಲ.

ಇದನ್ನು ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಈ ಹೆಮ್ಮೆಯೇ ಮಗಳ ಬಾಳಿಗೆ ಮುಳುವಾಯಿತು ಎಂದು ನಾನು ಹೇಳಿದರೆ ಅವಳಿಗೆ ಸಿಟ್ಟು ಬರಬಹುದು, ಬರಲಿ.

ಮಗಳು ತಾಯಿಯಂಥವಳಲ್ಲ. ಮೆತ್ತಗಿನ ಮಾತು, ಮೆತ್ತಗಿನ ನಡೆ, ಬಾಗಿಲು ಹಾಕಿದರೂ ಸದ್ದಾಗದಂತೆ ಹಾಕುವವಳು. ಅವಳನ್ನು ಕೊಟ್ಟದ್ದು ನೀರಿನ ಟ್ಯಾಂಕರ್ ಓಡಿಸುವವನಿಗೆ. ನಗುಮುಖ, ಬಾಯ್ತುಂಬ ಮಾತು, ಊರಿನ ಪ್ರತಿ ಗಲ್ಲಿಯೂ ಅವನಿಗೆ ಅಂಗೈ ಗೆರೆಯಷ್ಟೇ ಪರಿಚಯ. ಅತ್ತೆ ಮನೆಗೆ ಬಂದರೆ ಮೂಗು ಮುಚ್ಚಿಕೊಂಡು, "ಬಂದ್ರು ನೋಡಪ್ಪ ಪಾಯಿಖಾನೆ ಮಹಾರಾಣಿ" ಎಂದು ನಗುತ್ತಿದ್ದ. ಗುಳಿಗೆಯಮ್ಮನೂ ನಗುತ್ತಿದ್ದಳು. ತನ್ನ ಕೆಲಸವನ್ನು ಆಡಿಕೊಳ್ಳುತ್ತಿದ್ದಾನೆ, ಅಷ್ಟೇ ಅಂದುಕೊಂಡಿದ್ದಳು.

ಮದುವೆಯಾದ ಆರು ತಿಂಗಳಿಗೆ ಮಗಳು ತುಟಿ ಒಡೆದುಕೊಂಡು ಬಂದಳು.

"ನೀನೇನು ಮಾಡ್ದೆ?" ಎಂದು ಕೇಳಿದಳು ತಾಯಿ.

"ಅತ್ಬಿಟ್ಟೆ."

"ಅತ್ತು ಏನ್ ಬಂತು? ಕೈಯಿಲ್ವಾ ನಿಂಗೆ? ಹೋಗು, ಇನ್ನೊಂದ್ಸಲ ಮುಟ್ಟಿದ್ರೆ ಕೈಗೆ ಸಿಕ್ಕಿದ್ದು ತಗೊಂಡು ಒಂದು ಬಿಡು. ನಿಮ್ಮಪ್ಪನಿಗೆ ಮಾಡಿದ್ನಲ್ಲ, ಹಾಗೆ."

ತುಟಿಗೆ ಔಷಧಿ ಹಚ್ಚಿ ವಾಪಸ್ಸು ಕಳಿಸಿದಳು. ಮಗಳು ತಾಯಿಯ ಮಾತು ಮೀರಿದವಳಲ್ಲ. ಮುಂದಿನ ಸಲ ಅವನು ಹೊಡೆದಾಗ ಲಟ್ಟಣಿಗೆ ಎತ್ತಿದಳು. ಎತ್ತಿದಳಷ್ಟೇ. ಅವನು ಅದನ್ನು ಕಿತ್ತುಕೊಂಡು, ನಗುತ್ತಲೇ ಅವಳನ್ನು ಹೊರಗೆಳೆದು, ಎತ್ತಿದ ಆ ಕೈಯನ್ನು ಟ್ಯಾಂಕರ್ ಬಾಗಿಲಿಗೆ ಕೊಟ್ಟು ಬಾಗಿಲು ಜಡಿದ. ಮಣಿಕಟ್ಟು ಪುಡಿಯಾಯಿತು. ಆಸ್ಪತ್ರೆಯಲ್ಲಿ ನರ್ಸು ಹೇಗಾಯಿತೆಂದು ಕೇಳಿದ್ದಕ್ಕೆ, "ನಾನೇ ನೋಡದೆ ಬಾಗಿಲು ಹಾಕ್ಕೊಂಡೆ" ಅಂದಳಂತೆ.

ಮೂರನೆಯ ಸಲ ಬಂದಾಗ ಮಗಳ ಕುತ್ತಿಗೆ ಸುತ್ತ ಎರಡು ಬೆರಳಗಲದ ನೇರಳೆ ಪಟ್ಟೆಯಿತ್ತು. ದನಿ ಹೊರಡುತ್ತಿರಲಿಲ್ಲ. ತಾಯಿಯ ಕಿವಿಗೆ ಬಾಯಿಟ್ಟು ಹೇಳಿದಳು: "ಟ್ಯಾಂಕರ್ ಪೈಪು ಸುತ್ತಿದ್ದ ಅಮ್ಮ. ಸುತ್ತಿ, ಎಣಿಸ್ತಿದ್ದ. ಒಂದು, ಎರಡು, ಮೂರು ಅಂತ. ಹದಿನಾರರ ತನಕ ಕೇಳಿಸ್ತು."

ಗುಳಿಗೆಯಮ್ಮ ಅಂದು ಮೊದಲ ಬಾರಿ ಹೆದರಿದಳು. ತಿರುಗಿ ಹೊಡೆ ಎಂದು ಹೇಳಿಕೊಟ್ಟವಳು ತಾನು. ಮುಂದಿನ ಸಲ ಇವನು ಇಪ್ಪತ್ತರ ತನಕ ಎಣಿಸುತ್ತಾನೆ, ಮಗಳು ಇರುವುದಿಲ್ಲ. ಅದು ಅವಳಿಗೆ ಹಾಡುಹಗಲಿನಷ್ಟು ಸ್ಪಷ್ಟವಾಗಿತ್ತು. ಪೊಲೀಸ್ ಠಾಣೆಗೂ ಹೋದಳು. ಗಂಡಹೆಂಡಿರ ಜಗಳ, ಕೂತು ಮಾತಾಡಿಕೊಳ್ಳಿ ಎಂದರು. ಮೇಜಿನ ಮೇಲಿದ್ದ ಕಡತ ತೆಗೆದು ನೆಲಕ್ಕೆ ಬಡಿದು ಬಂದಳು.

ಮಗಳನ್ನು ಬಚ್ಚಿಟ್ಟಳು. ಊರಿನ ಆ ತುದಿಯಲ್ಲಿ, ನಾಲ್ಕೈದು ಮಹಡಿಯ ಹಳೆಯ ಕಟ್ಟಡಗಳು ಒಂದಕ್ಕೊಂದು ಆತು ನಿಂತ ಬೀದಿಯಲ್ಲಿ, ಅವಳ ಹಳೆಯ ಗೆಳತಿ ಹೊಲಿಗೆಯಕ್ಕ ಇದ್ದಳು. ಮೂರನೇ ಮಹಡಿಯ ಒಂದು ಕೋಣೆ, ಎರಡು ಹೊಲಿಗೆ ಯಂತ್ರ, ನೆಲದ ತುಂಬ ಕತ್ತರಿಸಿದ ಬಟ್ಟೆಯ ಚೂರು. ಮಗಳು ಗುಂಡಿ ಹೊಲಿಯುತ್ತ, ಕಿಟಕಿಯ ಹತ್ತಿರವೂ ಸುಳಿಯದೆ ಅಲ್ಲಿ ಐದು ವಾರ ಕಳೆದಳು.

ಅಳಿಯ ಅತ್ತೆಯ ಮನೆ ಜಾಲಾಡಿದ, ಶೆಡ್ಡಿನ ಬಾಗಿಲಲ್ಲಿ ಕಾದ. ಗುಳಿಗೆಯಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಆದರೆ ಕಾಲಿಗೆ ಬೀಗ ಹಾಕಿಕೊಳ್ಳುವುದು ಅವಳಿಂದಾಗಲಿಲ್ಲ. ರಜೆಯ ದಿನ ಬಂತೆಂದರೆ ಮಗಳನ್ನು ನೋಡಲೇಬೇಕು. ಹೊಲಿಗೆಯಕ್ಕ ಬೇಡವೆಂದಳು, ಮಗಳು ಬೇಡವೆಂದಳು. ಕೇಳಿದರೆ ತಾನೆ? ಬೆಳಿಗ್ಗೆ ಸ್ನಾನ ಮಾಡಿ, ಬೇರೆಯವರಿಂದ ಕೇಳಿ ತಂದ ಬಟ್ಟೆ ತೊಟ್ಟು, ಒಂದು ಬಸ್ಸು ಹತ್ತಿ ಇನ್ನೊಂದರಲ್ಲಿ ಇಳಿದು, ಮಾರುಕಟ್ಟೆಯ ಮುಂದಿನ ಬಾಗಿಲಲ್ಲಿ ಹೊಕ್ಕು ಹಿಂದಿನದರಲ್ಲಿ ಹೊರಬಿದ್ದು, ಮೈಯೆಲ್ಲ ಕಣ್ಣಾಗಿ ಹೋಗುತ್ತಿದ್ದಳು. ಯಾರ ಕಣ್ಣಿಗೂ ಬೀಳಲಿಲ್ಲವೆಂದು ಬೀಗುತ್ತಿದ್ದಳು. ಮಗಳಿಗೆ ಚಳಿಯಾದೀತೆಂದು ತನ್ನ ಹೆಗಲ ಶಾಲನ್ನೂ ಅಲ್ಲೇ ಬಿಟ್ಟು ಬಂದಿದ್ದಳು.

ನಾಲ್ಕನೇ ವಾರ ಅಳಿಯ ಅವಳ ಬೆನ್ನು ಹತ್ತಿದ್ದು ಅವಳಿಗೆ ತಿಳಿಯಲಿಲ್ಲ. ಆ ಬೀದಿಯ ತನಕ ಬಂದವನು ಜನರ ನಡುವೆ ಅವಳನ್ನು ಕಳೆದುಕೊಂಡ. ಇನ್ನೊಬ್ಬನಾಗಿದ್ದರೆ ಕೈ ಹೊಸಕಿಕೊಂಡು ಮನೆಗೆ ಹೋಗುತ್ತಿದ್ದ. ಇವನು ಮುಂದಿನ ರಜೆಗೆ ಬಂದು ಒಂದೊಂದೇ ಕಟ್ಟಡದ ಮೆಟ್ಟಿಲು ಹತ್ತತೊಡಗಿದ. ಎಲ್ಲ ಮೆಟ್ಟಿಲುಗಳಲ್ಲೂ ಅಡುಗೆಯ, ಚರಂಡಿಯ, ಒದ್ದೆ ಗೋಡೆಯ ವಾಸನೆ. ಆರನೆಯ ಕಟ್ಟಡದ ಮೆಟ್ಟಿಲಲ್ಲಿ ಪ್ಯಾರಾ ವಾಸನೆ ಬಂತು.

ಮೊದಲು ಅವನು ಒದ್ದದ್ದು ಎರಡನೇ ಮಹಡಿಯ ಬಾಗಿಲನ್ನು. ಅಲ್ಲಿದ್ದವರು ನಿವೃತ್ತ ಮೇಷ್ಟರು. ಪಾಪ, ಉಣ್ಣೆ ಕೋಟಿಗೆ ನುಸಿಗುಳಿಗೆ ಇಟ್ಟುಕೊಂಡದ್ದೇ ಅವರ ತಪ್ಪು. ಬಾಗಿಲು ತೆಗೆದದ್ದೇ ತಡ, ಅವರ ಮುಖಕ್ಕೆ ಗುದ್ದು ಬಿತ್ತು. ಕನ್ನಡಕ ಒಡೆದು ಚೂರು ಹುಬ್ಬಿಗೆ ನಾಟಿತು.

ಮೇಲಿನ ಕೋಣೆಯಲ್ಲಿ ತಾಯಿ ಮಗಳ ತಲೆ ಬಾಚುತ್ತಿದ್ದಳು. ಕೆಳಗಿನಿಂದ ಆ ದನಿ ಕೇಳಿದ್ದೇ ಬಾಚಣಿಗೆ ಕೈಯಿಂದ ಬಿತ್ತು.

"ಎಲ್ಲೋ ಇಟ್ಟಿದೀಯ ಅವಳ್ನ, ಮುದಿಯಾ? ವಾಸನೆ ಬಡೀತಿದೆ! ಆ ಪಾಯಿಖಾನೆ ಮುದುಕಿ ಇಲ್ಲಿಗೇ ಬರ್ತಾಳೆ, ನಂಗೊತ್ತು!" ಏನೋ ದೊಡ್ಡದು ಉರುಳಿತು. ಮೇಷ್ಟರು ಚೀರಿದರು.

ಗುಳಿಗೆಯಮ್ಮ ಮಗಳ ಮುಖ ನೋಡಿದಳು.

"ಏನೇ, ನನ್ನಿಂದ ವಾಸನೆ ಬರುತ್ತಾ?"

ಮಗಳು ಬಿದ್ದ ಬಾಚಣಿಗೆ ಎತ್ತಿಕೊಂಡಳು.

"ಬೊಗಳೇ! ಬರುತ್ತಾ?"

"ಬರುತ್ತಮ್ಮ." ಮಗಳು ಹಾಸಿಗೆಯ ಮೇಲಿನ ಶಾಲು ಮುಟ್ಟಿದಳು. "ಅದನ್ನ ಮುಖಕ್ಕೆ ಒತ್ಕೊಂಡ್ರೇನೇ ನಂಗೆ ನಿದ್ದೆ."

ಗುಳಿಗೆಯಮ್ಮನಿಗೆ ಆಗ ಅರ್ಥವಾಯಿತು. ಮುಚ್ಚುಮರೆಯೆಲ್ಲ ಮಾಡಿ, ಕೊನೆಗೆ ಅವನಿಗೆ ದಾರಿ ತೋರಿಸಿದ್ದು ತನ್ನದೇ ಚರ್ಮ. ಅಳುವುದಕ್ಕೆ ಹೊತ್ತಿರಲಿಲ್ಲ. ಶಾಲು ಕಿತ್ತುಕೊಂಡು ಮೈಗೆ ಸುತ್ತಿದಳು.

"ಅಕ್ಕ, ಅವನು ನನ್ನ ಹಿಂದೆ ಮೇಲೆ ಬರ್ತಾನೆ. ಮೇಲೆ ಹೋದ ತಕ್ಷಣ ಇವಳ್ನ ಕರ್ಕೊಂಡು ಇಳಿ. ಚಪ್ಪಲಿ ಹಾಕ್ಬೇಡಿ, ಸದ್ದಾಗುತ್ತೆ." ಹೊಲಿಗೆಯಕ್ಕನಿಗೆ ಇಷ್ಟು ಹೇಳಿ ಹೊರಗೆ ನಡೆದು, ಮೆಟ್ಟಿಲ ಕಂಬಿಯಿಂದ ಬಾಗಿ ಕೂಗಿದಳು: "ಲೋ! ಆ ವಯಸ್ಸಾದವರನ್ನ ಬಿಡೋ! ನಾನಿಲ್ಲಿದೀನಿ!"

ಅವನು ತಲೆಯೆತ್ತಿದ. ಕೈಯಲ್ಲಿ ಮೇಷ್ಟರ ಕಿಟಕಿಗೆ ಅಡ್ಡ ಇಡುವ ಕಬ್ಬಿಣದ ಪಟ್ಟಿ. ಅವಳು ಮೇಲಕ್ಕೆ ಓಡಿದಳು. ಐವತ್ನಾಲ್ಕು ವರ್ಷದ ಮಂಡಿ, ಆದರೂ ಎರಡೆರಡು ಮೆಟ್ಟಿಲು. ತಾರಸಿಯ ಮೇಲೆ ನೀರಿನ ತೊಟ್ಟಿಯ ಕೋಣೆಯೊಂದಿತ್ತು. ಅದರ ಬಾಗಿಲೆಳೆದು, ಹೊರಗಿನ ಚಿಲಕ ಜಡಿದು, ಬೆನ್ನು ಕೊಟ್ಟು ನಿಂತಳು. ಅವನು ತಾರಸಿಗೆ ಕಾಲಿಡುತ್ತಿದ್ದ ಹಾಗೆ ಬಾಗಿಲ ಕಡೆ ಮುಖ ತಿರುಗಿಸಿ ಗಟ್ಟಿಯಾಗಿ ಹೇಳಿದಳು: "ಹೆದರ್ಬೇಡ ಮಗಳೇ. ಅಮ್ಮ ಇದೀನಿ. ಎಷ್ಟು ಬಡಿದ್ರೂ ಸದ್ದು ಮಾಡ್ಬೇಡ."

ಅವನು ನಂಬಿದ. ನಗುವೂ ಬಂತು ಅವನಿಗೆ.

"ಪಕ್ಕಕ್ಕೆ ಸರೀರಿ ಅತ್ತೆ. ನಿಮ್ ಜೊತೆ ನಂಗೆ ಜಗಳ ಇಲ್ಲ."

"ನಂಗಿದೆ ಕಣೋ."

ಮೊದಲ ಏಟು ಎಡ ಮೊಣಕೈಗೆ. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಎರಡನೆಯದು ಪಕ್ಕೆಗೆ. ಅವಳು ಬಲಗೈಯಿಂದ ಅವನ ಅಂಗಿಯ ಕುತ್ತಿಗೆಪಟ್ಟಿ ಹಿಡಿದು ಎಳೆದು, ಅವನ ಮೂಗಿಗೆ ತನ್ನ ಹಣೆ ಗುದ್ದಿದಳು. ರಕ್ತ ಇಬ್ಬರ ಮೇಲೂ ಹಾರಿತು. ಅವನು ಅವಳ ಕೂದಲು ಹಿಡಿದು ತಲೆಯನ್ನು ಬಾಗಿಲಿಗೆ ಬಡಿದ, ಮತ್ತೆ ಬಡಿದ. ಪ್ರತಿ ಬಡಿತಕ್ಕೂ ಅವಳು ಖಾಲಿ ಕೋಣೆಗೆ, "ಹೆದರ್ಬೇಡ ಮಗಳೇ" ಎನ್ನುತ್ತಲೇ ಇದ್ದಳು. ಒಂದೂ ಹಲ್ಲಿಲ್ಲದ ಬಾಯಿಯಂತೆ ಅವಳ ಮಾತು ತೊದಲತೊಡಗಿತು, ಆದರೂ ನಿಲ್ಲಿಸಲಿಲ್ಲ. ಮಗಳಿಗೆ ಎಷ್ಟು ಮೆಟ್ಟಿಲು? ಅರವತ್ತು ಇರಬಹುದು. ಬರಿಗಾಲಲ್ಲಿ ಅರವತ್ತು ಮೆಟ್ಟಿಲು ಇಳಿಯುವಷ್ಟು ಹೊತ್ತು ಬೇಕು. ಮಗಳ ಕುತ್ತಿಗೆಗೆ ಪೈಪು ಸುತ್ತಿ ಅವನು ಎಣಿಸಿದ್ದ. ಈಗ ತಾಯಿ ಎಣಿಸಿದಳು.

ಕೊನೆಗೆ ಅವಳು ಕುಸಿದಳು. ಅವನು ಚಿಲಕ ಸರಿಸಿ ಬಾಗಿಲು ಒದ್ದ. ಒಳಗೆ ಸಿಮೆಂಟಿನ ತೊಟ್ಟಿ, ಎರಡು ಪೊರಕೆ, ಒಂದು ಒಡೆದ ಬಕೆಟ್ಟು. ನೆಲದ ಮೇಲೆ ಬಿದ್ದಿದ್ದ ಗುಳಿಗೆಯಮ್ಮ ರಕ್ತ ಉಗುಳಿ ನಕ್ಕಳು. ಆ ನಗುವಿಗೆ ಅವನು ಮೂರು ಪಕ್ಕೆಲುಬು ಮುರಿದ. ಕಟ್ಟಡದ ಏಳೆಂಟು ಜನ ಮೇಲೆ ಬಂದು ಅವನ ಮೇಲೆ ಬಿದ್ದು ಹಿಡಿಯುವ ತನಕ ಒದೆಯುತ್ತಲೇ ಇದ್ದ. ಈ ಸಲ ಪೊಲೀಸರು ಬಂದರು. ಮೇಷ್ಟರ ರಕ್ತ ಸೋರುವ ಹುಬ್ಬು ನೋಡಿದ ಮೇಲೆ ಗಂಡಹೆಂಡಿರ ಜಗಳ ಎನ್ನಲು ಅವರಿಗೂ ಬಾಯಿ ಬರಲಿಲ್ಲ.

ಮೂರು ವಾರದ ನಂತರ ಆಸ್ಪತ್ರೆಗೆ ಮಗಳು ಬಂದಳು. ಕೈಯಲ್ಲಿ ಒಂದು ಚೀಲ. ಹೊಲಿಗೆಯಕ್ಕ ಯಾವುದೋ ದೂರದ ಊರಲ್ಲಿ ಕೆಲಸ ಗೊತ್ತುಮಾಡಿದ್ದಳು, ಬಸ್ಸಿಗೆ ಒಂದು ಗಂಟೆ ಉಳಿದಿತ್ತು. ತಾಯಿಯ ತಲೆಗೆ ಪಟ್ಟಿ, ಕೈಗೆ ಕಟ್ಟು, ದವಡೆಗೆ ತಂತಿ. ಮಗಳು ಬಗ್ಗಿ ಅವಳ ಕತ್ತಿನ ಬಳಿ ಮುಖವಿಟ್ಟು ಉಸಿರೆಳೆದಳು. ಮತ್ತೊಮ್ಮೆ ಎಳೆದಳು.

"ನಿನ್ನ ವಾಸನೆ ಹೋಗ್ಬಿಟ್ಟಿದೆ ಅಮ್ಮ. ಬರೀ ಫಿನಾಯಿಲು" ಎಂದವಳೇ ಬಿಕ್ಕಿದಳು.

ತಾಯಿ ತಂತಿಯ ಸಂದಿನಿಂದ ಮಾತಾಡಿದಳು. "ಅವನು ಇವತ್ತಲ್ಲ ನಾಳೆ ಹೊರಗೆ ಬರ್ತಾನೆ. ನೀನು ಯಾವೂರಿಗೆ ಹೋಗ್ತೀಯ ಅಂತ..."

"ಹೇಳ್ತೀನಮ್ಮ, ಅದೇ..."

"ಹೇಳ್ಬೇಡ!" ಗುಳಿಗೆಯಮ್ಮ ಬಲಗೈಯಿಂದ ಮಗಳ ಬಾಯಿ ಮುಚ್ಚಿದಳು, ಹಲ್ಲಿಗೆ ತಾಗಿ ನೋಯುವಷ್ಟು ಗಟ್ಟಿಯಾಗಿ. "ಹೊಡೆದು ಬಾಯಿ ಬಿಡಿಸ್ತಾನೆ ಅಂತಲ್ಲ ಕಣೇ. ಅವನಪ್ಪ ಬಂದ್ರೂ ಆಗಲ್ಲ. ಗೊತ್ತಿದ್ರೆ ನಾನು ಬಂದೇ ಬರ್ತೀನಿ. ನನ್ನ ಬುದ್ಧಿ ನಂಗೊತ್ತು. ಒಂದು ವಾರ ತಡೀತೀನಿ, ಎರಡು ವಾರ ತಡೀತೀನಿ, ಆಮೇಲೆ ಬಸ್ಸು ಹತ್ತೇ ಹತ್ತುತೀನಿ. ಕಾಗದ ಬರೀಬೇಡ. ಫೋನ್ ಮಾಡ್ಬೇಡ. ಅಕ್ಕನಿಗೂ ಹೇಳಿದೀನಿ, ನಾನು ಕಾಲಿಗೆ ಬಿದ್ದು ಕೇಳಿದ್ರೂ ಹೇಳಕೂಡದು."

"ಎಷ್ಟು ದಿನ?"

"ಅವನು ಸಾಯೋ ತನಕ. ಇಲ್ಲ ನಾನು ಸಾಯೋ ತನಕ."

ಮಗಳು ಹೋದಳು. ವಾರ್ಡಿನ ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡು ಹೋದಳು.

ನಾಲ್ಕು ತಿಂಗಳಿಗೆ ಗುಳಿಗೆಯಮ್ಮ ಶೆಡ್ಡಿಗೆ ವಾಪಸ್ಸಾದಳು. ಎಡಗೈ ಹೆಗಲ ಮಟ್ಟಕ್ಕೆ ಏರುತ್ತಿರಲಿಲ್ಲ, ಪ್ರೆಸ್ಸಿಗೆ ಬಲಗೈ ಸಾಕಿತ್ತು. ಹೊಲಿಗೆಯಕ್ಕನ ಮನೆಗೆ ಅವಳು ಎರಡು ಸಲ ಹೋಗಿ ಕಾಲಿಗೆ ಬಿದ್ದದ್ದು ನಿಜ. ಹೊಲಿಗೆಯಕ್ಕ ಅಳುತ್ತ ಬಾಗಿಲು ಹಾಕಿಕೊಂಡಳು. ಮೂರನೆಯ ಸಲ ಹೋದಾಗ ಆ ಕೋಣೆಯಲ್ಲಿ ಬೇರೆ ಯಾರೋ ಇದ್ದರು.

ಅಳಿಯ ಜಾಮೀನಿನ ಮೇಲೆ ಹೊರಬಂದ. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆಂದು ಅಂಗಳದಲ್ಲಿ ಕೂತಿದ್ದಾಗ, ಹಿಂದಿನ ಬಾಗಿಲಿನಿಂದ ಶೆಡ್ಡಿನೊಳಕ್ಕೆ ಬಂದ. ಅವಳೊಬ್ಬಳೇ ಡ್ರಮ್ಮಿನಿಂದ ಹರಳು ತೋಡುತ್ತಿದ್ದಳು. ಹಿಂದಿನಿಂದ ಅವಳ ಕುತ್ತಿಗೆ ಹಿಡಿದು ಮುಖವನ್ನು ಡ್ರಮ್ಮಿನೊಳಕ್ಕೆ ಅದುಮಿದ.

"ಎಲ್ಲಿದಾಳೆ?"

ಮೂಗಿಗೆ ಏನೂ ತಿಳಿಯದಿದ್ದರೂ ಕಣ್ಣಿಗೆ ತಿಳಿಯುತ್ತದಲ್ಲ. ಕಣ್ಣೊಳಗೆ ಬೆಂಕಿ ಸುರಿದಂತಾಯಿತು. ಹರಳು ಬಾಯಿಗೆ, ಗಂಟಲಿಗೆ ಹೊಕ್ಕಿತು. ಹಿಂದಕ್ಕೆ ಒದ್ದಳು, ಕಾಲು ಗಾಳಿಗೆ ಹೋಯಿತು.

"ಗೊತ್ತಿಲ್ಲ."

ಮತ್ತೆ ಅದುಮಿದ. ಈ ಸಲ ಹೆಚ್ಚು ಹೊತ್ತು. "ಎಲ್ಲಿದಾಳೆ ಅಂದೆ!"

"ಗೊತ್ತಿಲ್ಲ ಕಣೋ!"

ಮೂರನೆಯ ಸಲ ಅದುಮಿ, ಎತ್ತಿ, ಅವಳನ್ನು ತನ್ನ ಕಡೆ ತಿರುಗಿಸಿ ಮುಖ ನೋಡಿದ. ಜನರ ಭಯದ ಮೇಲೆ ಬದುಕಿದವನು ಅವನು. ಯಾರು ಸುಳ್ಳು ಹೇಳುತ್ತಾರೆ, ಯಾರು ನಿಜ ಹೇಳುತ್ತಾರೆ ಎಂದು ನೋಡಿದರೆ ತಿಳಿಯುತ್ತಿತ್ತು. ಕೆಂಪಗೆ ಉಬ್ಬಿದ ಆ ಕಣ್ಣುಗಳಲ್ಲಿ ಅವನು ಏನೋ ಹುಡುಕಿದ. ಅವನ ಹಿಡಿತ ಸಡಿಲವಾಯಿತು.

"ನಿಮಗೂ ಹೇಳಿಲ್ವಾ ಅತ್ತೆ?" ಎಂದ. ನಿಜವಾಗಿಯೂ ಆಶ್ಚರ್ಯಪಟ್ಟವನ ದನಿ. ಅದರಲ್ಲಿ ಒಂದಿಷ್ಟು ಮರುಕವೂ ಇತ್ತು.

ಗುಳಿಗೆಯಮ್ಮ ಬಾಯಿ ತೆರೆದಳು. ಬೈಗುಳ ಬರಬೇಕಿತ್ತು, ಬಂದದ್ದು ಅಳು.

ಅಷ್ಟರಲ್ಲಿ ಮೇಸ್ತ್ರಿ ಸಲಿಕೆ ಎತ್ತಿಕೊಂಡು ಬಂದ, ಅವನ ಹಿಂದೆ ಹೆಂಗಸರು. ಸಲಿಕೆಯ ಏಟು ಅಳಿಯನ ಮಂಡಿಗೆ ಬಿತ್ತು. ಅವನು ನೆಲಕ್ಕೆ ಬಿದ್ದ ಮೇಲೆ ಯಾರ ಏಟು ಎಲ್ಲಿಗೆ ಬಿತ್ತೆಂದು ಯಾರೂ ನೋಡಲಿಲ್ಲ. ಪೊಲೀಸರು ಬರುವ ಹೊತ್ತಿಗೆ ಅವನಿಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ.

ಗುಳಿಗೆಯಮ್ಮನನ್ನು ಅಂಗಳದ ನಲ್ಲಿಯ ಬುಡದಲ್ಲಿ ಕೂರಿಸಿದರು. ಏಟು ತಿಂದು ಯಾವತ್ತೂ ಅಳದ ಹೆಂಗಸು ಅವತ್ತು ಹೋ ಎಂದು ಅಳುತ್ತಿದ್ದಳು. ಮಗಳು ಉಂಡಳೋ ಇಲ್ಲವೋ, ಮುರಿದ ಮಣಿಕಟ್ಟು ಚಳಿಗೆ ನೋಯುತ್ತದೋ ಏನೋ, ಯಾವ ದಿಕ್ಕಿನಲ್ಲಿದ್ದಾಳೆ, ಒಂದೂ ಅವಳಿಗೆ ಗೊತ್ತಿರಲಿಲ್ಲ.

"ಪ್ಯಾರಾ ಕಣ್ಣಿಗೆ ಹೋಗಿದೆ, ಪಾಪ. ಉರೀತಿದೆ" ಎಂದಳು ಒಬ್ಬಳು. "ಚೆನ್ನಾಗಿ ನೀರು ಹಾಕಿ, ಹೋಗುತ್ತೆ."

ಅವರು ತಂಬಿಗೆ ತಂಬಿಗೆ ನೀರು ಸುರಿದರು. ಉರಿ ಇಳಿಯಿತು, ಅಳು ನಿಲ್ಲಲಿಲ್ಲ. ಅವರು ಸುರಿಯುತ್ತಲೇ ಇದ್ದರು, ಅವಳೂ ಬೇಡ ಎನ್ನಲಿಲ್ಲ.